ಸಂದೇಶ ಮೈಕಿನಲ್ಲಿದ್ದರೆ ಸಾಲದು, ಮೈಯಲ್ಲಿರಬೇಕು

ಈಗೀಗ ಭರತನಾಟ್ಯದ ಕಾರ್ಯಕ್ರಮಗಳಲ್ಲಿ ‘ಸಾಮಾಜಿಕ ಸಂದೇಶ’ದ ಒಂದು ನೃತ್ಯ ಇರಲೇಬೇಕು ಅನ್ನುವಂತಾಗಿದೆ. ಹೆಣ್ಣು ಮಗು ಉಳಿಸಿ, ನೀರು ಉಳಿಸಿ, ಮರ ಬೆಳೆಸಿ. ವಿಷಯಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹೆಜ್ಜೆಯ ಅಡವು ಅದೇ, ತಾಳದ ಜತಿ ಅದೇ, ಜರಿ ಅಂಚಿನ ಡ್ರೆಸ್ಸು ಅದೇ, ಮುಖದ ಮೇಲಿನ ನಗು ಕೂಡ ಅದೇ. ಮೊದಲು ನಿರೂಪಕಿ ಬಂದು ವಿಷಯ ಏನು ಅಂತ ಓದಿ ಹೇಳುತ್ತಾರೆ. ಆ ನಿರೂಪಣೆ ತೆಗೆದುಬಿಟ್ಟರೆ ಬರಗಾಲ ಯಾವುದು, ಬೃಂದಾವನ ಯಾವುದು ಅಂತ ಗೊತ್ತಾಗುವುದಿಲ್ಲ. ಸಮಾಜದ ವಿಷಯವೆಲ್ಲ ಮೈಕಿನಲ್ಲಿ ಉಳಿದುಬಿಡುತ್ತದೆ. ಕುಣಿಯುವ ಮೈಗೆ ಅದು ಬರುವುದೇ ಇಲ್ಲ.

ಈ ಕಷ್ಟವನ್ನು ಎಪ್ಪತ್ತು ವರ್ಷಗಳ ಹಿಂದೆಯೇ ಒಬ್ಬ ಹುಡುಗಿ ವೇದಿಕೆಯ ಮೇಲೆ, ಕುಣಿಯುತ್ತಿರುವಾಗಲೇ ಕಂಡುಕೊಂಡಳು. ಚಂದ್ರಲೇಖಾ. ಹುಟ್ಟಿದ್ದು 1928ರಲ್ಲಿ, ಮಹಾರಾಷ್ಟ್ರದ ವಾಡಾದಲ್ಲಿ. ಬೆಳೆದದ್ದು ಗುಜರಾತಿನಲ್ಲಿ. ಕಾನೂನು ಓದನ್ನು ಬಿಟ್ಟು ನೃತ್ಯ ಕಲಿಯಲು ಮದ್ರಾಸಿಗೆ ಬಂದರು. ಗುರು ಕಾಂಚೀಪುರಂ ಎಲ್ಲಪ್ಪ ಪಿಳ್ಳೈ. 1952ರಲ್ಲಿ ಅವರ ರಂಗಪ್ರವೇಶ ನಡೆದದ್ದು ರಾಯಲಸೀಮೆಯ ಬರ ಪರಿಹಾರಕ್ಕೆ ಹಣ ಸೇರಿಸಲು. ಅವತ್ತು ‘ಮಧುರಾ ನಗರಿಲೋ’ ಅನ್ನುವ ಹಾಡಿಗೆ ಕುಣಿಯುತ್ತಿದ್ದರು. ಯಮುನೆಯ ನೀರು, ಅದರ ತುಂಬು ಹರಿವು, ನೀರಾಟ, ಎಲ್ಲವನ್ನೂ ಕೈಯಲ್ಲಿ ಕಣ್ಣಲ್ಲಿ ತೋರಿಸಬೇಕು. ತೋರಿಸುತ್ತಿರುವಾಗಲೇ ಪತ್ರಿಕೆಯಲ್ಲಿ ನೋಡಿದ್ದ ಚಿತ್ರಗಳು ನೆನಪಿಗೆ ಬಂದವಂತೆ. ಬಿರುಕು ಬಿಟ್ಟ ನೆಲ, ಡಬ್ಬ ಹಿಡಿದು ನೀರಿಗಾಗಿ ನಿಂತ ಜನರ ಸಾಲು. ಬರದ ಹೆಸರಿನಲ್ಲಿ ನಿಂತು ನೀರಿನ ಸಿರಿಯನ್ನು ಅಭಿನಯಿಸುತ್ತಿದ್ದೇನೆ ಅನ್ನುವುದು ಆ ಕ್ಷಣಕ್ಕೆ ಹೊಳೆದು, ತಾನು ಎರಡಾಗಿ ಸೀಳಿಹೋದಂತಾಯಿತು ಎಂದು ಮುಂದೆ ಅವರು ಹೇಳಿಕೊಂಡಿದ್ದಾರೆ.

ಬೇರೆ ಯಾರಾದರೂ ಆಗಿದ್ದರೆ ಮುಂದಿನ ಕಾರ್ಯಕ್ರಮಕ್ಕೆ ಬರಗಾಲದ ಮೇಲೆ ಒಂದು ಹಾಡು ಬರೆಸಿ, ಸ್ವರ ಹಾಕಿಸಿ, ಕುಣಿದುಬಿಡುತ್ತಿದ್ದರು. ಚಂದ್ರಲೇಖಾ ಆ ದಾರಿ ಹಿಡಿಯಲಿಲ್ಲ. ಕೆಲವು ವರ್ಷ ಕುಣಿದರು. ಆಮೇಲೆ ವೇದಿಕೆಯಿಂದ ಹೆಚ್ಚುಕಡಿಮೆ ದೂರವೇ ಸರಿದರು. ಬರೆದರು, ಪೋಸ್ಟರ್ ಮಾಡಿದರು, ಹೆಂಗಸರ ಚಳವಳಿಗಳ ಜೊತೆ ಕೆಲಸ ಮಾಡಿದರು. 1980ರ ದಶಕದ ಆರಂಭದಲ್ಲಿ ಅವರ ಮೇಲೆ ರಾಜದ್ರೋಹದ ಕೇಸು ಕೂಡ ಬಿತ್ತು, ಆಮೇಲೆ ಅದನ್ನು ಕೈಬಿಟ್ಟರು. ಮತ್ತೆ ನೃತ್ಯಕ್ಕೆ ಮರಳಿದಾಗ ವಯಸ್ಸು ಐವತ್ತು ದಾಟಿತ್ತು. 1985ರಲ್ಲಿ ‘ಅಂಗಿಕ’ ಅನ್ನುವ ನೃತ್ಯಕೃತಿ ಬಂತು. ಅಲ್ಲಿಂದ ಅವರು ಕುಣಿಯುವವರಿಗಿಂತ ಹೆಚ್ಚಾಗಿ ನೃತ್ಯ ಕಟ್ಟುವವರಾದರು. ಚೆನ್ನೈನ ಬೆಸಂಟ್ ನಗರದ ಸಮುದ್ರದಂಡೆಯ ಮನೆಯೇ ತಾಲೀಮಿನ ಜಾಗ. ಜೊತೆಗಿದ್ದವರು ಬೆರಳೆಣಿಕೆಯಷ್ಟು ಜನ. ವಿನ್ಯಾಸಕ್ಕೆ ದಶರಥ ಪಟೇಲ್, ಬೆಳಕಿಗೆ ಸದಾನಂದ ಮೆನನ್, ಭರತನಾಟ್ಯ ಬಲ್ಲ ಕೆಲವು ಹುಡುಗಿಯರು, ಕೇರಳದ ಯುದ್ಧಕಲೆ ಕಳರಿಪಯಟ್ಟು ಕಲಿತ ಹುಡುಗರು.

ಅಂಗಿಕದಲ್ಲಿ ಏನು ಮಾಡಿದರು ಅನ್ನುವುದು ಮುಖ್ಯ. ದೇವರ ಕಥೆ ಇಲ್ಲ, ನಾಯಕಿಯ ವಿರಹ ಇಲ್ಲ. ಭರತನಾಟ್ಯವನ್ನು ಕಳರಿಪಯಟ್ಟು ಮತ್ತು ಯೋಗದ ಪಕ್ಕದಲ್ಲಿ ನಿಲ್ಲಿಸಿದರು. ಮೂರೂ ಇದೇ ನೆಲದ ಮೈಗಳಿಂದ ಬಂದವು, ಮೂರಕ್ಕೂ ಬೆನ್ನುಮೂಳೆಯೇ ಆಧಾರ, ಹಾಗಾದರೆ ಒಂದು ಮಾತ್ರ ಯಾಕೆ ಒಡವೆ ತುಂಬಿಕೊಂಡು ಮೆರೆಯಬೇಕು? ಒಡವೆ ತೆಗೆದರು, ಮುಖದ ಬಣ್ಣ ಕಡಿಮೆ ಮಾಡಿದರು. ಉಳಿದದ್ದು ಸಾದಾ ಸೀರೆ ಮತ್ತು ಅರೆಮಂಡಿ, ಅಂದರೆ ಮಂಡಿಗಳನ್ನು ಎರಡೂ ಬದಿಗೆ ಬಾಗಿಸಿ ಅರ್ಧ ಕೂತ ನಿಲುವು. ಅರೆಮಂಡಿಯನ್ನು ಮಾತ್ರ ಅವರು ಬಿಡಲಿಲ್ಲ. ಅದರಲ್ಲೇ ಹೊತ್ತುಗಟ್ಟಲೆ ಕೂರಿಸಿದರು. ‘ಚಂದ್ರಲೇಖಾ ಭರತನಾಟ್ಯ ಕೆಡಿಸಿದರು’ ಅನ್ನುವ ಮಾತು ನಮ್ಮ ವಲಯದಲ್ಲಿ ಇವತ್ತಿಗೂ ಕಿವಿಗೆ ಬೀಳುತ್ತದೆ. ಅದು ನಿಜವಲ್ಲ. ಅರೆಮಂಡಿಯನ್ನು ಅವರಷ್ಟು ನಂಬಿದವರು ಕಡಿಮೆ. ನನ್ನ ವಿದ್ಯಾರ್ಥಿಗಳು ಕಾರ್ಯಕ್ರಮ ಮುಗಿಸುವ ತಿಲ್ಲಾನದ ಕೊನೆಯಲ್ಲಿ ಸುಸ್ತಾಗಿ ಅರೆಮಂಡಿಯಿಂದ ಮೇಲೆದ್ದುಬಿಡುವುದನ್ನು ನೋಡುವಾಗೆಲ್ಲ ನನಗೆ ಅವರ ನೆನಪಾಗುತ್ತದೆ.

‘ಶ್ರೀ’ ಬಂದದ್ದು 1990ರ ದಶಕದ ಆರಂಭದಲ್ಲಿ. ವಿಷಯ ಹೆಣ್ಣಿನ ಶಕ್ತಿ, ಆ ಶಕ್ತಿಯನ್ನು ತುಳಿದ ಚರಿತ್ರೆ. ಈ ವಿಷಯಕ್ಕೆ ನಾವು ಏನು ಮಾಡುತ್ತೇವೆ ಗೊತ್ತಲ್ವಾ? ಒಬ್ಬಳು ಅಳುತ್ತಾಳೆ, ಒಬ್ಬ ಕೋಲು ಹಿಡಿದು ಹೊಡೆಯುತ್ತಾನೆ, ಕೊನೆಗೆ ದುರ್ಗೆ ಬಂದು ತ್ರಿಶೂಲ ಎತ್ತುತ್ತಾಳೆ, ಚಪ್ಪಾಳೆ. ‘ಶ್ರೀ’ಯಲ್ಲಿ ಹೆಂಗಸರು ಬೆನ್ನು ಬಗ್ಗಿಸಿಕೊಂಡು ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ನಿಧಾನವಾಗಿ, ತುಂಬಾ ನಿಧಾನವಾಗಿ. ಹೊಡೆಯುವವನು ಕಾಣುವುದೇ ಇಲ್ಲ. ಬಗ್ಗಿದ ಬೆನ್ನೇ ಎಲ್ಲ ಹೇಳುತ್ತದೆ. ನೆಟ್ಟಗೆ ನಿಲ್ಲುವುದನ್ನು ವರ್ಷಗಟ್ಟಲೆ ಕಲಿತ ನರ್ತಕಿಯರು ಅವರು. ಅಂಥವರು ಬಗ್ಗಿ ನಡೆಯುವಾಗ ಏನು ಕಳೆದುಹೋಯಿತು ಅನ್ನುವುದು ನೋಡುವವರ ಬೆನ್ನಿಗೇ ಗೊತ್ತಾಗುತ್ತದೆ. ಕೊನೆಗೆ ಹಲವು ಕೈಗಳ ದೇವಿಯೂ ಬರುತ್ತಾಳೆ. ಆದರೆ ಅವಳು ಆಕಾಶದಿಂದ ಇಳಿದವಳಲ್ಲ. ಆ ಬೆನ್ನುಗಳೇ ಮತ್ತೆ ಒಂದಾಗಿ ಎದ್ದದ್ದು. ಸಾಮಾಜಿಕ ನೃತ್ಯ ಅಂದರೆ ನನಗೆ ಇದು.

ಅವರ ಎಲ್ಲ ಕೃತಿಗಳೂ ನೋವಿನ ಬಗ್ಗೆ ಇದ್ದವು ಅಂದುಕೊಳ್ಳಬೇಡಿ. 1989ರ ‘ಲೀಲಾವತಿ’ ಗಣಿತದ ಮೇಲಿನ ನೃತ್ಯ. ಭಾಸ್ಕರಾಚಾರ್ಯ 1150ರಲ್ಲಿ ಬರೆದ ಲೆಕ್ಕದ ಪುಸ್ತಕ ಅದಕ್ಕೆ ಮೂಲ. ಭಾಸ್ಕರಾಚಾರ್ಯ ನಮ್ಮ ವಿಜಯಪುರದ ಕಡೆಯವನು ಅನ್ನುವ ನಂಬಿಕೆಯೂ ಇದೆ. ದುಂಬಿಗಳ ಹಿಂಡಿನಲ್ಲಿ ಐದನೇ ಒಂದು ಪಾಲು ಕದಂಬದ ಹೂವಿಗೆ ಹೋಯಿತು, ಮೂರನೇ ಒಂದು ಪಾಲು ಇನ್ನೊಂದು ಹೂವಿಗೆ, ಇವೆರಡರ ವ್ಯತ್ಯಾಸದ ಮೂರರಷ್ಟು ಮತ್ತೊಂದಕ್ಕೆ, ಒಂದೇ ಒಂದು ದುಂಬಿ ಗಾಳಿಯಲ್ಲಿ ಸುತ್ತುತ್ತಿದೆ, ಒಟ್ಟು ಎಷ್ಟು? ಹದಿನೈದು. ಇಂಥ ಲೆಕ್ಕಗಳಿರುವ ಪುಸ್ತಕವನ್ನು ನರ್ತಿಸಬಹುದು ಅಂತ ಕನ್ನಡದ ನಮಗೆ ಯಾಕೆ ಮೊದಲೇ ಹೊಳೆಯಲಿಲ್ಲವೋ! ಗಣಿತ ಒಣ ವಿಷಯವಲ್ಲ, ಅದೂ ಖುಷಿ ಅನ್ನುವುದು ಕೂಡ ಸಮಾಜಕ್ಕೆ ಹೇಳಬೇಕಾದ ಮಾತೇ ಅಲ್ವಾ?

ಆಮೇಲೆ ‘ಯಂತ್ರ’, ‘ಮಹಾಕಾಲ’ ಬಂದವು. 1998ರ ‘ರಾಗ’ ಗಂಡಸಿನ ಒಳಗಿರುವ ಹೆಣ್ಣುತನದ ಬಗ್ಗೆ. 2001ರ ‘ಶರೀರ’ ಅವರ ಕೊನೆಯ ಕೃತಿ. ಅದರಲ್ಲಿ ಒಂದು ಹೆಣ್ಣು, ಒಂದು ಗಂಡು, ಗುಂದೇಚಾ ಸಹೋದರರ ಧ್ರುಪದ್ ಗಾಯನ, ಅಷ್ಟೇ. ನಾನು ರೆಕಾರ್ಡಿಂಗ್‌ನಲ್ಲಿ ನೋಡಿದೆ. ಒಂದು ಕಾಲು ಮೇಲೇಳುವಷ್ಟರಲ್ಲಿ ನಮ್ಮ ಕಡೆ ಕಾರ್ಯಕ್ರಮ ಶುರು ಮಾಡುವ ಅಲರಿಪು ಎಂಬ ಪುಟ್ಟ ನೃತ್ಯವೇ ಮುಗಿದಿರುತ್ತದೆ. ಮೊದಲ ಹತ್ತು ನಿಮಿಷ ಕಷ್ಟ, ನಿಜ. ಫೋನ್ ದೂರ ಇಟ್ಟು ಕೂತರೆ ಆಮೇಲೆ ನಮ್ಮ ಉಸಿರೇ ನಿಧಾನವಾಗುತ್ತದೆ. ಹೆಣ್ಣಿನ ಮೈಯನ್ನು ಹೀಗೆ ನಾಚಿಕೆಯಿಲ್ಲದೆ, ಮಾರಾಟದ ಆಸೆಯೂ ಇಲ್ಲದೆ ನೋಡುವ ಅವಕಾಶ ನಮಗೆ ಬೇರೆಲ್ಲಿ ಸಿಗುತ್ತದೆ?

2006ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಸಣ್ಣ ತಂಡಗಳ ದೊಡ್ಡ ಸಂಕಟ ಇಲ್ಲಿಂದ ಶುರು. ಭರತನಾಟ್ಯದ ದೊಡ್ಡ ನೃತ್ಯವಾದ ವರ್ಣವನ್ನು ಗುರುವಿನಿಂದ ಕಲಿತು ಯಾರಾದರೂ ಮುಂದುವರಿಸಬಹುದು. ಇಂಥ ಕೃತಿಗಳು ಹಾಗಲ್ಲ. ಆ ಮೈಗಳು, ಆ ತಾಲೀಮು ಇಲ್ಲದಿದ್ದರೆ ಕೃತಿಯೇ ಇಲ್ಲ. ‘ಶರೀರ’ವನ್ನು ಅದರ ಕಲಾವಿದರು ಆಮೇಲೂ ಹಲವು ವರ್ಷ ಮಾಡಿದರು. ಉಳಿದವು ಹೆಚ್ಚಾಗಿ ಫೋಟೋಗಳಲ್ಲಿ, ನೋಡಿದವರ ಮಾತಿನಲ್ಲಿವೆ.

ಆದರೆ ಎಳೆ ಪೂರ್ತಿ ಕಡಿದುಹೋಗಲಿಲ್ಲ. ಅವರ ತಂಡದಲ್ಲಿ ವರ್ಷಗಳ ಕಾಲ ಕುಣಿದ ಪದ್ಮಿನಿ ಚೆಟ್ಟೂರ್ ಚೆನ್ನೈನಲ್ಲೇ ತಮ್ಮದೇ ದಾರಿ ಮಾಡಿಕೊಂಡರು. ಚಂದ್ರಲೇಖಾ ಬಗ್ಗೆ ಪುಸ್ತಕ ಬರೆದ ಕೋಲ್ಕತ್ತಾದ ಅನನ್ಯಾ ಚಟರ್ಜಿ ಅಮೆರಿಕದ ಮಿನಸೋಟಾದಲ್ಲಿ 2004ರಲ್ಲಿ ಒಂದು ಸಣ್ಣ ತಂಡ ಕಟ್ಟಿದರು. ಅಲ್ಲಿ ಕಪ್ಪು, ಕಂದು, ಮೂಲನಿವಾಸಿ ಹೆಂಗಸರು ಒಟ್ಟಿಗೆ ಕುಣಿಯುತ್ತಾರೆ. ಒಡಿಸ್ಸಿ ನೃತ್ಯ, ಪೂರ್ವ ಭಾರತದ ಛಾವು ನೃತ್ಯ ಮತ್ತು ಯೋಗ ಸೇರಿಸಿ ತಂಡಕ್ಕೆ ತನ್ನದೇ ಒಂದು ತರಬೇತಿ ಕ್ರಮ ಇದೆ. ಮಣ್ಣು, ಚಿನ್ನ, ಎಣ್ಣೆ, ನೀರು ಇವುಗಳ ಹೆಸರಿನಲ್ಲಿ ಹೆಂಗಸರ ಮೇಲೆ ನಡೆಯುವ ಹಿಂಸೆಯ ಬಗ್ಗೆ 2010ರಿಂದ 2013ರವರೆಗೆ ವರ್ಷಕ್ಕೊಂದರಂತೆ ನಾಲ್ಕು ಕೃತಿ ಮಾಡಿದರು. 2022ರ ಕೃತಿ ಸುಂದರಬನದ ಮರಿಚ್‌ಝಾಪಿ ದ್ವೀಪದಲ್ಲಿ 1979ರಲ್ಲಿ ನಿರಾಶ್ರಿತರನ್ನು ಕೊಂದ ಘಟನೆಯ ಬಗ್ಗೆ. ಇಲ್ಲೂ ಅದೇ ಕ್ರಮ ನೋಡಿ: ಮೊದಲು ಮೈ ತಯಾರಾಗುತ್ತದೆ, ವಿಷಯ ಅದರೊಳಗಿಂದ ಬರುತ್ತದೆ.

‘ಇದೆಲ್ಲ ಓದಿಕೊಂಡವರಿಗೆ, ಸಾಮಾನ್ಯ ಜನಕ್ಕೆ ಅರ್ಥವಾಗಲ್ಲ’ ಅಂತ ನನಗೆ ಹೇಳುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಸೊಂಟ ಬಗ್ಗಿಸಿ ನಾಟಿ ಮಾಡಿದ ಹೆಂಗಸಿಗೆ ‘ಶ್ರೀ’ಯ ಆ ನಡಿಗೆ ಅರ್ಥವಾಗಲು ಯಾವ ನಿರೂಪಣೆಯೂ ಬೇಡ. ಅರ್ಥವಾಗದಿರುವುದು ನಮಗೆ, ಅಭಿನಯದಲ್ಲಿ ಬಂದುಹೋಗುವ ಸಂಚಾರಿ ಭಾವ ಗುರುತಿಸುವುದೇ ರಸಿಕತನ ಅಂದುಕೊಂಡ ನಮಗೆ. ಜನರಿಗೆ ತೋರಿಸದೆಯೇ ಜನರಿಗೆ ಬೇಡ ಅಂತ ತೀರ್ಮಾನ ಮಾಡುವವರು ನಾವೇ.

ಹಣದ ಪ್ರಶ್ನೆಯೂ ಇದೆ. ಒಂದು ಹೊಸ ಕೃತಿಗೆ ತಿಂಗಳುಗಟ್ಟಲೆ ತಾಲೀಮು ಬೇಕು. ಆ ತಿಂಗಳುಗಳಿಗೆ ನರ್ತಕಿಯರಿಗೆ ಸಂಬಳ ಕೊಡುವವರು ಯಾರು? ಪ್ರಾಯೋಜಕರು ಒಂದು ಸಂಜೆಗೆ ದುಡ್ಡು ಕೊಡುತ್ತಾರೆ, ಹಿಂದಿನ ಆರು ತಿಂಗಳಿಗೆ ಕೊಡುವುದಿಲ್ಲ. ಹಾಗಾಗಿ ಹುಡುಗಿಯರು ಬೆಳಗ್ಗೆ ಕೆಲಸಕ್ಕೆ ಹೋಗಿ ರಾತ್ರಿ ತಾಲೀಮಿಗೆ ಬರುತ್ತಾರೆ. ಮದುವೆಯಾದ ಮೇಲೆ ಅದೂ ನಿಲ್ಲುತ್ತದೆ. ಒಮ್ಮೆ ಒಬ್ಬ ಸಂಘಟಕರ ಹತ್ತಿರ ನಾವೇ ಕಟ್ಟಿದ ಕೃತಿಗೆ ಒಂದು ಸಂಜೆ ಕೊಡಿ ಅಂತ ಕೇಳಿದೆ. ‘ಮೊದಲು ಒಂದು ವರ್ಣ, ಎರಡು ದೇವರನಾಮ ಮಾಡಿಬಿಡಿ ಮೇಡಂ, ನಿಮ್ಮದು ಕೊನೆಗೆ ಐದು ನಿಮಿಷ ಇರಲಿ’ ಅಂದರು. ಒಳ್ಳೆಯ ಮನುಷ್ಯರೇ. ಕೆಟ್ಟ ಉದ್ದೇಶ ಖಂಡಿತ ಇರಲಿಲ್ಲ. ಆದರೆ ಐದು ನಿಮಿಷದಲ್ಲಿ ಬೆನ್ನು ಬಗ್ಗುವುದೂ ಇಲ್ಲ, ಏಳುವುದೂ ಇಲ್ಲ.

ಇದನ್ನು ಓದುತ್ತಿರುವ ಸಂಘಟಕರಿಗೆ ನನ್ನ ಕೋರಿಕೆ ಇಷ್ಟು. ವರ್ಷಕ್ಕೆ ಒಂದೇ ಒಂದು ಸಂಜೆಯನ್ನು ಪೂರ್ತಿಯಾಗಿ ಒಂದು ಸಣ್ಣ ತಂಡದ ಸ್ವಂತ ಕೃತಿಗೆ ಕೊಡಿ. ಮೈಸೂರಿರಲಿ, ಧಾರವಾಡವಿರಲಿ, ಶಿವಮೊಗ್ಗವಿರಲಿ. ದೊಡ್ಡ ಸಭಾಂಗಣ ಬೇಡ, ಮರದ ನೆಲ ಇರುವ ಒಂದು ಕೋಣೆ ಸಾಕು. ತಾಲೀಮಿನ ತಿಂಗಳುಗಳಿಗೂ ಸ್ವಲ್ಪ ಸಂಭಾವನೆ ಇಡಿ. ಮತ್ತೆ, ಮುಖ್ಯ ಅತಿಥಿ ತಡವಾಗಿ ಬಂದರು ಅಂತ ದಯವಿಟ್ಟು ನೃತ್ಯವನ್ನು ನಡುವೆ ನಿಲ್ಲಿಸಬೇಡಿ.