ಬದುಕಿ ಬಂದ ಸೈನಿಕನಿಗೆ ಕಲ್ಲಿಲ್ಲ

ಅಮೆರಿಕದ ಸಣ್ಣ ಊರಿನ ಪೇಪರ್ ಕೈಗೆ ಸಿಕ್ಕರೆ ನಾನು ಮೊದಲು ತೆಗೆಯುವುದು ಸಾವಿನ ಪುಟ. ಬೆಳಗ್ಗೆ ಬೆಳಗ್ಗೆ ಇದೇ ಬೇಕಾ ಅಂತ ಹೆಂಡತಿ ಬೈಯುತ್ತಾಳೆ. ಏನು ಮಾಡಲಿ, ಇವರು ಬರೆಯುವ ರೀತಿ ಚೆನ್ನಾಗಿರುತ್ತೆ.

ನಾವೀಗ ಇರುವ ಒಹಾಯೋದ ಊರಿನಲ್ಲಿ ಕಳೆದ ಚಳಿಗಾಲ ಒಬ್ಬ ಅಜ್ಜ ತೀರಿಕೊಂಡರು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ಮನೆಯವರು ಬರೆದದ್ದರಲ್ಲಿ ಯುದ್ಧದ ಮಾತು ಒಂದೇ ಸಾಲು. ಉಳಿದದ್ದೆಲ್ಲ ವಾಪಸ್ ಬಂದ ಮೇಲಿನದು. ಊರಿನ ಅಗ್ನಿಶಾಮಕ ದಳದಲ್ಲಿ ಸಂಬಳವಿಲ್ಲದೆ ದುಡಿದದ್ದು (ಈ ದೇಶದಲ್ಲಿ ಬೆಂಕಿ ಆರಿಸುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸ್ವಯಂಸೇವಕರೇ), ದಳಕ್ಕೆ ದುಡ್ಡು ಕೂಡಿಸಲು ಭಾನುವಾರ ಪ್ಯಾನ್‌ಕೇಕ್ ಹುಯ್ದದ್ದು, ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್ ಕಡೆಯಿಂದ ಮೇ ತಿಂಗಳಲ್ಲಿ ಸಮಾಧಿಗಳಿಗೆ ಪುಟ್ಟ ಬಾವುಟ ನೆಟ್ಟದ್ದು. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದರು ಅಂತಲೂ ಬರೆದಿದ್ದರು!

ಮಣ್ಣು ಮಾಡುವಾಗ ಸಮವಸ್ತ್ರದ ಇಬ್ಬರು ಬಂದರು. ಮನೆಯವರು ಕೇಳಿದರೆ ಸೇನೆ ಕಳಿಸಲೇಬೇಕು, 2000ದಿಂದ ಹಾಗೆ ಕಾನೂನಿದೆ. ಬಾವುಟವನ್ನು ಮೂರು ಮೂಲೆಯಾಗಿ ಮಡಚಿ ಅಜ್ಜಿಯ ಕೈಗಿಟ್ಟರು. ಒಬ್ಬ ಬ್ಯೂಗಲ್ ಕಹಳೆಯ ಒಳಗೆ ಕೈ ಹಾಕಿ ಏನೋ ಗುಂಡಿ ಒತ್ತಿದ. ಆಮೇಲೆ ತುಟಿಗೆ ಹಿಡಿದು ನಿಂತ. ಊದಲೇ ಇಲ್ಲ, ಒಳಗಿನ ಸ್ಪೀಕರ್ ತಾನೇ ಊದಿತು. ಊದುವವರು ಸಾಲದ್ದಕ್ಕೆ ಮಾಡಿಕೊಂಡ ಏರ್ಪಾಡಂತೆ. ಸ್ವಲ್ಪ ನಾಟಕ ಅನ್ನಿಸಿತು. ಆದರೂ ಅಜ್ಜಿ ಅತ್ತರು.

ನಮ್ಮಲ್ಲಿ ಸೈನಿಕರಿಗೆ ಗೌರವ ಕಮ್ಮಿ ಅಂತ ಅಲ್ಲ. 2016ರಲ್ಲಿ ಸಿಯಾಚಿನ್ ಹಿಮಕುಸಿತಕ್ಕೆ ಸಿಕ್ಕಿದ್ದ ಯೋಧ ಹನುಮಂತಪ್ಪ ಕೊಪ್ಪದ ತೀರಿಕೊಂಡಾಗ ಅವರೂರು, ಕುಂದಗೋಳ ತಾಲೂಕಿನ ಬೆಟದೂರಿಗೆ ಜನ ಕಿಕ್ಕಿರಿದು ಬಂದರು. ನಮಗೆ ಹಳೇ ಅಭ್ಯಾಸವೂ ಇದೆ. ಊರ ದನ ಉಳಿಸಲು ಹೋಗಿ ಸತ್ತವನಿಗೂ ವೀರಗಲ್ಲು ನೆಟ್ಟವರು ನಾವು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಹಂದಿಯೊಡನೆ ಕಾದಿ ಸತ್ತ ಕಾಳಿ ಅನ್ನುವ ನಾಯಿಯ ಹೆಸರನ್ನು ಸಾವಿರ ವರ್ಷ ಉಳಿಸಿದೆ. ಆದರೆ ಆ ಕಲ್ಲುಗಳೂ ಬಹುಮಟ್ಟಿಗೆ ಕಾದಿ ಸತ್ತವರವೇ. ಬದುಕಿ ಬಂದವನ ಗತಿ?

ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ ಒಬ್ಬರಿದ್ದರು, ಊರಿಗೆಲ್ಲ ಮಿಲಿಟರಿ ಮಾವ. ರಿಟೈರ್ ಆದ ಮೇಲೆ ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಂತರು. ಸಂಜೆ ಜಗಲಿಯ ಮೇಲೆ ಕೂತು ವಿಧವೆಯರ ಪಿಂಚಣಿ ಅರ್ಜಿ ತುಂಬಿಕೊಟ್ಟರು. ಸೇನಾ ಭರ್ತಿ ರ‍್ಯಾಲಿಗೆ ಹೋಗುವ ಹುಡುಗರನ್ನು ನಸುಕಿನಲ್ಲೇ ಎಬ್ಬಿಸಿ, 1.6 ಕಿಲೋಮೀಟರ್ ಓಟ ಕಲಿಸಿದರು. ತೀರಿಕೊಂಡಾಗ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಬಂತು. ‘ಮತ್ತೆ ಹುಟ್ಟಿ ಬನ್ನಿ’, ಫೋಟೋ, ಹುಟ್ಟಿದ ಸತ್ತ ತಾರೀಕು. ಕೆಳಗೆ ಸಾಲಾಗಿ ದುಃಖತಪ್ತರ ಮುಖಗಳು, ಕೆಲವರು ಕೂಲಿಂಗ್ ಗ್ಲಾಸ್‌ನಲ್ಲಿ. ಮಾವ ಏನು ಮಾಡಿದರು ಅನ್ನುವುದು ಒಂದಕ್ಷರವೂ ಇಲ್ಲ. ಜನರ ಬಾಯಲ್ಲಿ ಉಳಿದದ್ದು ಅವರು ತರುತ್ತಿದ್ದ ಕ್ಯಾಂಟೀನ್ ರಮ್ಮು!

ಕಳಿಸಿಕೊಡುವುದರಲ್ಲಿ ನಮ್ಮೂರೇ ವಾಸಿ ಬಿಡಿ. ಸುದ್ದಿ ತಿಳಿದ ಗಳಿಗೆಯಲ್ಲಿ ಊರಿಗೂರೇ ಬಂತು, ಅಕ್ಕಪಕ್ಕದವರೇ ಅನ್ನ ತಂದರು. ಇಲ್ಲಿ ಅಮೆರಿಕದವರು ಕ್ಯಾಲೆಂಡರ್ ನೋಡಿ ಶನಿವಾರ ಬಂದರು. ನಾವು ಸೋಲುವುದು ಬರೆದಿಡುವುದರಲ್ಲಿ. ಅದಕ್ಕೆ ಜಾಸ್ತಿ ಖರ್ಚೂ ಇಲ್ಲ. ಇಲ್ಲಿ ಎಷ್ಟೋ ಪೇಪರ್‌ನವರು ಸಾಲಿನ ಲೆಕ್ಕದಲ್ಲಿ ದುಡ್ಡು ಕೀಳುತ್ತಾರೆ, ಆದರೂ ಜನ ಬರೆಸುತ್ತಾರೆ. ನಮ್ಮ ಫ್ಲೆಕ್ಸ್‌ನವನದು ಚದರ ಅಡಿ ಲೆಕ್ಕ. ನಾಲ್ಕು ಸಾಲು ಸೇರಿಸಿದರೆ ಅವನೇನೂ ಜಾಸ್ತಿ ಕೇಳುವುದಿಲ್ಲ. ಕೆಳಗಿನ ಮುಖಗಳನ್ನು ಮಾತ್ರ ಸ್ವಲ್ಪ ಚಿಕ್ಕದು ಮಾಡಬೇಕಾಗುತ್ತೆ. ಜಗಳ ಶುರುವಾಗುವುದು ಅಲ್ಲೇ, ಅಲ್ವಾ?