ನೋಡಿ ಭಾವ, ಅಲ್ಲಾಡಲ್ಲ!

ಕೊಡಗಲ್ಲಿ ಸ್ಪ್ರಿಂಕ್ಲರ್ ಅಂದ್ರೆ ಫೆಬ್ರವರಿ-ಮಾರ್ಚಲ್ಲಿ ರೋಬಸ್ಟಾ ತೋಟಕ್ಕೆ ಹೂವಿಗೆ ನೀರು ಹೊಡೆಯೋದು, ಅಷ್ಟೇ ನಮಗೆ ಗೊತ್ತಿರೋದು. ಹಾಗಾಗಿ ಮಡಿಕೇರಿಲಿ ಲಾಡ್ಜ್ ಕಟ್ಟಿಸ್ತಿರೋ ನನ್ನ ಭಾವ "ಸ್ಪ್ರಿಂಕ್ಲರ್ ಹಾಕ್ಸಿದೀನಿ, ಬನ್ನಿ ಭಾವ" ಅಂದಾಗ ಟೆರೇಸಲ್ಲಿ ಕಾಫಿ ಗಿಡ ನೆಟ್ಟಿದಾರೇನೋ ಅಂದ್ಕೊಂಡೆ.

ನೋಡಿದ್ರೆ ಬೆಂಕಿ ಆರಿಸೋದು ಮಾರಾಯ್ರೆ. ಸೀಲಿಂಗಲ್ಲಿ ಪುಟ್ಟ ಗಾಜಿನ ಬಲ್ಬು, ಒಳಗೆ ಕೆಂಪು ದ್ರವ, 68 ಡಿಗ್ರಿ ಬಿಸಿ ತಾಗಿದ್ರೆ ಒಡೆದು ನೀರು ಬಿಡುತ್ತೆ. ಭಾರೀ ಚೆಂದ. ಆದ್ರೆ ಕೆಳಗಿಂದ ಮೇಲಿನವರೆಗೆ ಏರೋ ದಪ್ಪ ಪೈಪಿದ್ಯಲ್ಲ, ಅದು ಸ್ಲ್ಯಾಬ್ ದಾಟೋ ಕಡೆ ಎಲ್ಲ ಮೇಸ್ತ್ರಿ ಸುತ್ತ ಸಿಮೆಂಟ್ ಮೆತ್ತಿ, ಮಗು ಕೆನ್ನೆ ಸವರಿದ ಹಾಗೆ ನುಣ್ಣಗೆ ಮಾಡಿಟ್ಟಿದಾನೆ.

"ಫ್ಲೆಕ್ಸಿಬಲ್ ಕಪ್ಲಿಂಗ್, ಅದೇ ಬಾಗೋ ಜಾಯಿಂಟ್, ಎಲ್ಲಿ?" ಅಂದೆ. "ಅದೆಲ್ಲ ಲೂಸ್ ಸಾರ್, ನಮ್ದು ಫುಲ್ ವೆಲ್ಡಿಂಗ್" ಅಂದ ಕಾಂಟ್ರಾಕ್ಟರ್.

ಭೂಮಿ ನಡುಗೋ ಕಡೆ ಅಮೆರಿಕದ ನಿಯಮದಲ್ಲಿ ಆ ಏರೋ ಪೈಪಿನ ಬುಡದಲ್ಲೂ ತುದೀಲೂ 2 ಅಡಿಯೊಳಗೆ ಬಾಗೋ ಜಾಯಿಂಟ್ ಇರ್ಬೇಕು, 4 ಇಂಚಿನ ಪೈಪಿಗೆ ಸ್ಲ್ಯಾಬಲ್ಲಿ 8 ಇಂಚಿನ ತೂತು ಬಿಡ್ಬೇಕು, ಕಟ್ಟಡ ತೂಗಿದಾಗ ಪೈಪಿಗೂ ಸ್ವಲ್ಪ ಜಾಗ ಬೇಕಲ್ಲ. ಲಾಸ್ ಏಂಜಲೀಸ್ ಕಡೆ ಓಲಿವ್ ವ್ಯೂ ಆಸ್ಪತ್ರೆ 1971ರ ಭೂಕಂಪದಲ್ಲಿ ಹಾಳಾಯ್ತು ಅಂತ ಉಕ್ಕಿನಂಥ ಕಟ್ಟಡ ಕಟ್ಟಿದ್ರು, 1994ರಲ್ಲಿ ಮತ್ತೆ ನಡುಗಿದಾಗ ಗೋಡೆ ಜಗ್ಗಲಿಲ್ಲ, ಪೈಪ್ ಒಡೆದು ನೀರು ನುಗ್ಗಿ ರೋಗಿಗಳನ್ನೆಲ್ಲ ಬೇರೆ ಕಡೆ ಸಾಗಿಸ್ಬೇಕಾಯ್ತು.

ನಮ್ಮಲ್ಲೂ 2018ರ ಜುಲೈಲಿ ನಡುಗ್ತು, 2022ರ ಜೂನಲ್ಲಿ ಚೆಂಬು, ಸಂಪಾಜೆ ಕಡೆ ಗುಡುಗುಡು ಸದ್ದಿಗೆ ಜನ ಮನೆಯಿಂದ ಹೊರಗೆ ಓಡಿದ್ರು. ಅಷ್ಟಕ್ಕೆಲ್ಲ ಪೈಪ್ ಒಡೆಯಲ್ಲ, ಒಪ್ಪಿದೆ. "ಆತಂಕ ಬೇಡ" ಅಂತ ಹೇಳಿಕೆ ಬಂತು, ಆತಂಕ ನಮಗೆ ತಾನೆ ಬೇಡ, ಪೈಪಿಗೂ ಬೇಡ್ವಾ? ಇಲ್ಲಿ ಚೆಕ್ಕಿಂಗಿಗೆ ಬಂದವರು ಕೇಳಿದ್ದು ಒಂದೇ ಅಂತೆ, ಪೈಪಿಗೆ ಕೆಂಪು ಬಣ್ಣ ಹೊಡ್ದಿದೀರಾ? ಹೊಡ್ದಿದೀವಿ, ಎರಡು ಕೋಟು. ಸರಿ, ಊಟಕ್ಕೇನಿದೆ? ಪಂದಿ ಕರಿ, ಕಡಂಬುಟ್ಟು. ಮುಗೀತು ತಪಾಸಣೆ.

ಜೀಪಲ್ಲಿ ನನ್ ಜೊತೆ ನಮ್ಮ ತೋಟದಲ್ಲಿ ಪೈಪ್ ಎಳೆಯೋ ಹುಡುಗ ಬಂದಿದ್ದ. ಗುಡ್ಡದ ಇಳಿಜಾರಲ್ಲಿ ಪೈಪಿಗೆ ಪೈಪ್ ಜೋಡಿಸಿ, ರಬ್ಬರ್ ರಿಂಗ್ ಕೂರಿಸಿ, ಲೈನು ಹಾವಿನ ಹಾಗೆ ಬಾಗಿದ್ರೂ ಹನಿ ಸೋರದ ಹಾಗೆ ಮಾಡೋನು. ಅವನು ಪೈಪನ್ನೇ ದಿಟ್ಟಿಸಿ ನೋಡಿ "ಇದಕ್ಕೆ ರಬ್ಬರ್ ರಿಂಗ್ ಇಲ್ವಾ ಅಣ್ಣ?" ಅಂದ.

"ಅದು ತೋಟ ಕಣೋ, ಇದು ಇಂಜಿನಿಯರಿಂಗು" ಅಂತ ಕಾಂಟ್ರಾಕ್ಟರ್ ನಕ್ಕ. ಭಾವ ಎರಡೂ ಕೈಯಲ್ಲಿ ಪೈಪ್ ಹಿಡ್ದು ಜಗ್ಗಿ ತೋರಿಸಿದ್ರು: "ನೋಡಿ ಭಾವ, ಅಲ್ಲಾಡಲ್ಲ!"