ಚಳಿಗಾಲದಲ್ಲಿ ನರ್ಸರಿಗೆ ರಜೆ ಇಲ್ಲ, ಅಣ್ಣಾ

ಮಾರ್ಗಶಿರದಲ್ಲಿ ತೀರ್ಥಹಳ್ಳಿಯಲ್ಲೊಂದು ಮದುವೆಗೆ ಹೋಗಿದ್ದೆ. ಪಂಕ್ತಿಯಲ್ಲಿ ದೊಡ್ಡಪ್ಪನ ಮಗ ಎದುರಿಗೇ ಕೂತಿದ್ದ. "ನಿಂಗೇನೇ, ಆರಾಮು. ನರ್ಸರಿಯವ್ರಿಗೆ ಚಳಿಗಾಲ ಅಂದ್ರೆ ರಜ. ನಮಗೆ ನೋಡು, ಕೊಯ್ಲು, ಸುಲಿತ, ಬೇಯ್ಸದು, ಕಣ್ಣಿಗೆ ನಿದ್ದೆ ಇಲ್ಲ" ಅಂದ. ಪಾಯಸ ಬರುವಷ್ಟರಲ್ಲಿ ಇನ್ನೊಂದು ಮಾತು: "ಜೂನಲ್ಲಿ ಮುನ್ನೂರು ಸಸಿ ಬೇಕು. ಎತ್ತರ ಇರೋದನ್ನೇ ನೋಡಿ ತೆಗೆದಿಡು ಮಾರಾಯ್ತಿ." ಅಕ್ಕಪಕ್ಕದವರೂ ಹೌದು ಹೌದು ಅಂದರು. ಮದುವೆಮನೆಯಲ್ಲಿ ವಾದ ಬೇಡವೆಂದು ಸುಮ್ಮನೆ ಎಲೆ ಮಡಚಿ ಎದ್ದೆ. ಮನಸ್ಸು ಮಾತ್ರ ಸುಮ್ಮನಾಗಲಿಲ್ಲ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಮನೆಗೆ ಸೊಸೆಯಾಗಿ ಬಂದವಳು. ಮಾವ, ಅತ್ತೆ, ನಮ್ಮವರು, ನಾನು, ಇಷ್ಟೇ ಜನ ಸೇರಿ ನಡೆಸುವ ಸಣ್ಣ ನರ್ಸರಿ. ಮುಖ್ಯವಾಗಿ ಅಡಿಕೆ ಸಸಿ, ಜೊತೆಗೆ ಒಂದಿಷ್ಟು ಕಾಳುಮೆಣಸಿನ ಬಳ್ಳಿ. ಮಾರಾಟ ಮಳೆಗಾಲದಲ್ಲಿ ಆಗುವುದು ನಿಜ. ಆದರೆ ಸಸಿ ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ತೀರ್ಮಾನವಾಗುವುದು ಧನು, ಮಕರ ತಿಂಗಳಲ್ಲಿ, ಅಂದರೆ ಇದೇ ಚಳಿಗಾಲದಲ್ಲಿ. ಮಲೆನಾಡಿನ ತವರಿನಲ್ಲಿ ಬೆಳೆದ ನನಗೆ ಅದು ಗೊತ್ತೇ ಇರಲಿಲ್ಲ. ತೋಟದ ಮನೆಯಲ್ಲೇ ಹುಟ್ಟಿದವಳು ನಾನು, ಆದರೂ.

ಇಲ್ಲಿ ಅಡಿಕೆ ಮರದಲ್ಲೇ ಹಣ್ಣಾಗುತ್ತದೆ. ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಚಾಲಿ ಮಾಡುವ ಸೀಮೆ. ಡಿಸೆಂಬರಿನಿಂದ ಅಂಗಳ ತುಂಬ ಕೇಸರಿ ಬಣ್ಣ. ಮಾವ ಬೀಜದ ಮರಗಳನ್ನು ಅದಕ್ಕೂ ಮೊದಲೇ ಗೊತ್ತು ಮಾಡಿ ಬುಡಕ್ಕೆ ಬಣ್ಣದ ಪಟ್ಟಿ ಬಳಿದಿರುತ್ತಾರೆ. ಹತ್ತು ವರ್ಷ ದಾಟಿರಬೇಕು, ಬೇಗ ಫಸಲಿಗೆ ಬಂದ ಮರವಾಗಿರಬೇಕು, ಗಂಟುಗಳು ಹತ್ತಿರ ಹತ್ತಿರ ಇರಬೇಕು, ತಲೆ ತುಂಬ ಸೋಗೆ ಇರಬೇಕು, ಬಂದ ಹೂವಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಯಿ ಕಚ್ಚಿರಬೇಕು. ಅಡಿಕೆ ಪರಾಗ ಆಚೀಚೆ ಹೋಗುವ ಜಾತಿಯಾದ್ದರಿಂದ ಸುತ್ತಮುತ್ತಲಿನ ಮರಗಳೂ ಚೆನ್ನಾಗಿರಬೇಕು ಎನ್ನುವುದು ಅವರ ಹಟ. ಮೊದಲ ಗೊನೆಯೂ ಬೇಡ, ಕೊನೆಯದೂ ಬೇಡ, ನಡುವಿನದ್ದೇ ಆಗಬೇಕು. ಬೇರೆ ಗೊನೆಗಳನ್ನು ದೋಟಿಯಲ್ಲಿ ಎಳೆದು ಬೀಳಿಸಿದರೂ ನಡೆಯುತ್ತದೆ, ಬೀಜದ ಗೊನೆ ಮಾತ್ರ ಹಗ್ಗದಲ್ಲಿ ಇಳಿಯಬೇಕು.

ಅತ್ತೆಯ ಕೆಲಸ ಶುರುವಾಗುವುದು ಆಮೇಲೆ. ಬಾವಿಕಟ್ಟೆಯ ಹತ್ತಿರ ದೊಡ್ಡ ಕೊಪ್ಪರಿಗೆಯಲ್ಲಿ ನೀರು ತುಂಬಿಸಿ ಹಣ್ಣಡಿಕೆಯನ್ನು ಒಂದೊಂದೇ ಬಿಡುತ್ತಾರೆ. ತೊಟ್ಟಿನ ಭಾಗ ಮೇಲಾಗಿ ನೆಟ್ಟಗೆ ತೇಲಿದ್ದು ಬೀಜಕ್ಕೆ. ಅಡ್ಡ ಮಲಗಿ ತೇಲಿದ್ದು ಅಂಗಳಕ್ಕೆ, ಚಾಲಿಗೆ. ನೆಟ್ಟಗೆ ನಿಂತ ಅಡಿಕೆಯಿಂದ ಬಂದ ಸಸಿಗೆ ಕಸುವು ಜಾಸ್ತಿ ಎಂದು ಇಲ್ಲಿನ ಸಂಶೋಧನಾ ಕೇಂದ್ರದವರೂ ಹೇಳುತ್ತಾರೆ. ಅತ್ತೆಗೆ ಅದು ಬೆರಳ ತುದಿಯಲ್ಲಿರುವ ವಿದ್ಯೆ. ಒಂದು ಅಡಿಕೆ ಸ್ವಲ್ಪ ವಾಲಿದರೆ ತೋರುಬೆರಳಿನಿಂದ ಮೆಲ್ಲನೆ ಒತ್ತಿ ಬಿಡುತ್ತಾರೆ. ಮತ್ತೆ ನೆಟ್ಟಗಾದರೆ ಸರಿ, ಮತ್ತೆ ವಾಲಿದರೆ ತೆಗೆದು ಬದಿಗೆ ಹಾಕುತ್ತಾರೆ. 35 ಗ್ರಾಂಗಿಂತ ಹಗುರವಾದದ್ದು ಆ ಕೊಪ್ಪರಿಗೆಯ ತನಕ ಬರುವುದೇ ಇಲ್ಲ. ಒಂದು ಬುಟ್ಟಿಯಲ್ಲಿ ಎಷ್ಟು ಉಳಿಯಿತು, ಎಷ್ಟು ಹೋಯಿತು ಎಂದು ಅವರು ಬೇಸರಪಟ್ಟದ್ದನ್ನು ನಾನು ಕಂಡಿಲ್ಲ. "ಬೀಜವೇ ಸರಿ ಇಲ್ಲದಿದ್ದರೆ ಮತ್ತೆ ಎಷ್ಟು ಗೊಬ್ಬರ ಹಾಕಿ ಎಂತ ಉಂಟು?" ಎನ್ನುತ್ತಾರೆ.

ಮರಳಿನ ಪಾತಿಯಲ್ಲಿ ತೊಟ್ಟು ಮೇಲೆ ಮಾಡಿ, ಎರಡು ಇಂಚಿಗೊಂದರಂತೆ ಊರುವುದು ನನ್ನ ಪಾಲಿನ ಕೆಲಸ. ಮೊಳಕೆ ಕಾಣಲು ಒಂದೂವರೆ ತಿಂಗಳು ಬೇಕು, ತೊಟ್ಟೆಗೆ, ಅಂದರೆ ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ, ದಾಟಿಸಲು ಮೂರು ತಿಂಗಳು. ಅಷ್ಟೂ ದಿನ ಮರಳು ಒಣಗಬಾರದು. ನೀರು ಮನೆ ಹಿಂದಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ್ದು. ಮುರಕಲ್ಲಿನ ಒಳಗಿನಿಂದ ಬೆರಳು ದಪ್ಪಕ್ಕೆ ಹರಿದು ಬಂದು ತೊಟ್ಟಿಗೆ ಬೀಳುತ್ತದೆ. ಬೇಸಿಗೆ ಕಾಲಿಡುವ ಕುಂಭ ತಿಂಗಳಿಗೆ ಅದೂ ಸಪುರ ಆಗುತ್ತದಾದ್ದರಿಂದ ಈಗಿನಿಂದಲೇ ಲೆಕ್ಕ ಹಾಕಿ ಬಳಸಬೇಕು. ಇನ್ನೊಂದು ಕಡೆ ಕಳೆದ ವರ್ಷದ ಸಸಿಗಳು ತೊಟ್ಟೆಯಲ್ಲಿ ನಿಂತಿರುತ್ತವೆ. ಬೆಳಗ್ಗೆ ಇಬ್ಬನಿಯಲ್ಲಿ ತೊಯ್ದಿರುತ್ತವೆ, ಹನ್ನೊಂದು ಗಂಟೆಗೆಲ್ಲ ಬಿಸಿಲು ಕಚ್ಚುತ್ತದೆ. ಸೋಗೆಯ ನೆರಳು ಸರಿಪಡಿಸುವುದು, ಕಳೆ ಕೀಳುವುದು, ಸುಡುಮಣ್ಣು ಹಟ್ಟಿಗೊಬ್ಬರ ಮರಳು ಬೆರೆಸಿ ಮುಂದಿನ ತೊಟ್ಟೆಗಳಿಗೆ ರಾಶಿ ಹಾಕುವುದು, ಮೆಣಸಿನ ಹಬ್ಬುಬಳ್ಳಿ ನೆಲಕ್ಕೆ ಬೇರು ಬಿಡದ ಹಾಗೆ ಗೂಟಕ್ಕೆ ಸುತ್ತಿಡುವುದು. ರಜೆ ಎಲ್ಲಿಂದ ಬಂತು?

ಈಗ ನಮ್ಮೂರು. ಅಲ್ಲಿ ಅಡಿಕೆ ಹಸಿರಿರುವಾಗಲೇ ಕೊಯ್ಯುತ್ತೇವೆ. ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ನೀರು) ಹಾಕಿ ಕೆಂಪು ಮಾಡುತ್ತೇವೆ. ಆ ಕೆಲಸದಲ್ಲಿ ನಮ್ಮೂರಿನವರ ಕಣ್ಣು ಎಷ್ಟು ಸೂಕ್ಷ್ಮ! ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ, ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ ಬಂದರೂ ಬೇರೆ ಗುಡ್ಡೆಗೆ ಹಾಕುತ್ತಾರೆ. ಇದೇ ಜನ ನಲವತ್ತು ಐವತ್ತು ವರ್ಷ ನಿಲ್ಲುವ ಮರದ ಸಸಿ ತರುವಾಗ ಅದರ ತಾಯಿ ಯಾವುದೆಂದು ಒಂದು ಮಾತು ಕೇಳುವುದಿಲ್ಲ. ಮೊದಲ ಮಳೆ ಬಿದ್ದ ಮೇಲೆ ಸಸಿಯ ನೆನಪು. ರಸ್ತೆ ಬದಿಗೆ ಟೆಂಪೊ ಬಂದು ನಿಂತರೆ ಅದೇ ನರ್ಸರಿ. ಅಪ್ಪ ಹಾಗೆ ಕೊಂಡು ನೆಟ್ಟ ಒಂದು ಸಾಲು ಈಗಲೂ ತೋಟದ ಕೆಳಗಿನ ಭಾಗದಲ್ಲಿದೆ. ಮಂಗಳ ತಳಿ ಎಂದು ಹೇಳಿ ಕೊಟ್ಟಿದ್ದರು. ಮಂಗಳ ಅಷ್ಟು ಎತ್ತರಕ್ಕೆ ಹೋಗದ ಜಾತಿ, ಬೇಗ ಹಿಂಗಾರ (ಹೂಗೊಂಚಲು) ಬಿಡುತ್ತದೆ. 1972ರಲ್ಲಿ ಬಿಡುಗಡೆಯಾಗಿ ಅಷ್ಟು ಬೇಗ ಹೆಸರು ಮಾಡಿದ್ದೇ ಅದಕ್ಕೆ. ಅಪ್ಪನ ಸಾಲು ಉದ್ದಕ್ಕೆ ಹೋಗುತ್ತಲೇ ಇತ್ತು, ಹಿಂಗಾರಕ್ಕೆ ಕಾದು ಕಾದು ಅವರು ಬೇಸತ್ತರು. ಯಾರನ್ನು ಕೇಳುವುದು? ಟೆಂಪೊ ಮತ್ತೆ ಬರಲಿಲ್ಲ.

ಇನ್ನು ಎತ್ತರದ ಹುಚ್ಚು. ನಮ್ಮ ಕಡೆಯವರು ಬಂದರೆ ನರ್ಸರಿಯ ಉದ್ದುದ್ದ ಸಸಿಗಳ ಮುಂದೆಯೇ ನಿಲ್ಲುತ್ತಾರೆ. ನೆರಳು ಜಾಸ್ತಿಯಾಗಿ ಸೊರಗಿ ಏರಿದವು ಅವು. ನೋಡಬೇಕಾದದ್ದು ಎಲೆಯನ್ನು. ಐದು ಎಲೆಯಾದರೂ ಇರಬೇಕು, ಬುಡ ದಪ್ಪವಿರಬೇಕು, ಎತ್ತರ ಕಡಿಮೆ ಇದ್ದಷ್ಟೂ ಒಳ್ಳೆಯದು. ಪುತ್ತೂರು, ಸುಳ್ಯ, ವಿಟ್ಲದಿಂದ ಗಡಿ ದಾಟಿ ಬರುವವರು ಬಗ್ಗಿ ಬುಡ ನೋಡುತ್ತಾರೆ. ಇಲ್ಲಿನ ಮಲಯಾಳಿ ಗಿರಾಕಿಗಳೂ ಅಷ್ಟೇ. ಕೆಲವರು ಜನವರಿಯಲ್ಲೇ ಬಂದು, ಪಟ್ಟಿ ಬಳಿದ ಮರ ತೋರಿಸಿ ಎಂದು ಕೇಳಿ, ಮುಂಗಡ ಕೊಟ್ಟು ಹೋಗುತ್ತಾರೆ. ಆ ಬೀಜದ ಸಸಿ ಅವರ ಕೈಗೆ ಸಿಗುವುದು ಆ ವರ್ಷದ ಮಳೆಗಾಲಕ್ಕಲ್ಲ, ಮುಂದಿನ ವರ್ಷದ ಮಳೆಗಾಲಕ್ಕೆ. ಅವಸರ ಮಾಡಿದವರಿಗೆ ಮಾವ "ಪ್ರಾಯ ಆಗಲಿಲ್ಲ ಅದಕ್ಕೆ, ಈಗ ಕೊಟ್ಟರೆ ಹೋಗ್ತದೆ" ಎಂದು ಹೇಳಿ ಬರಿಗೈಯಲ್ಲಿ ಕಳಿಸಿದ್ದಾರೆ, ನಮಗೆ ದುಡ್ಡಿನ ಅಡಚಣೆ ಇದ್ದ ವರ್ಷವೂ. ಇಂಥ ವ್ಯಾಪಾರ ನಮ್ಮೂರಿನಲ್ಲಿ ನಾನು ನೋಡಿಲ್ಲ. ಅಡಿಕೆಯ ವಿಷಯದಲ್ಲಿ ಮಲೆನಾಡಿನವರನ್ನು ಬಿಟ್ಟರಿಲ್ಲ ಎಂದು ಅಲ್ಲಿ ಮಾತಾಡುವಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಅಣ್ಣನ ಪರವಾಗಿ ಹೇಳಬೇಕಾದದ್ದು ಇಲ್ಲವೆಂದಲ್ಲ. ಕೆಂಪಡಿಕೆಯ ಸೀಮೆಯಲ್ಲಿ ನಾಲ್ಕು ಮರದ ಗೊನೆಯನ್ನು ಹಣ್ಣಾಗಲು ಬಿಡುವುದೆಂದರೆ ಮರ ಹತ್ತಿ ಗೊನೆ ಕೊಯ್ಯುವ ಕೊನೆಗಾರನನ್ನು ಮತ್ತೊಮ್ಮೆ ಕರೆಸಬೇಕು. ಅವನು ಒಮ್ಮೆ ಬರುವುದೇ ದೊಡ್ಡದು. ಹಣ್ಣಾದ ಗೊನೆ ಮಂಗನ ಕಣ್ಣಿಗೂ ಬೀಳುತ್ತದೆ. ಎಲೆಚುಕ್ಕಿ ರೋಗ ಬಂದಮೇಲಂತೂ ಇರುವ ಮರ ಉಳಿಸಿಕೊಳ್ಳುವುದರಲ್ಲೇ ಜನ ಸೋತಿದ್ದಾರೆ, ಹೊಸ ಮರದ ಜಾತಕ ನೋಡುವಷ್ಟು ವ್ಯವಧಾನ ಎಲ್ಲಿಂದ ತರಬೇಕು? ಸುಲಿತದ ರಾತ್ರಿಗಳಲ್ಲಿ ಅಲ್ಲಿ ನಿಜಕ್ಕೂ ಯಾರಿಗೂ ನಿದ್ದೆ ಇಲ್ಲ. ಆ ರಾತ್ರಿಗಳಿಗಾಗಿ ನನ್ನ ಜೀವ ಇಲ್ಲಿಂದಲೇ ಎಳೆಯುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತು ಕೇರಿಯವರೆಲ್ಲ ಒಂದೇ ಮನೆಯಲ್ಲಿ ಮಾತಾಡುವ ಸುಖ ಈ ಕಡೆ ಸಿಗುವುದಿಲ್ಲ. ಇಲ್ಲಿ ಮನೆಗೊಂದು ಗುಡ್ಡ, ಸಂಜೆ ಆರಾದರೆ ಅವರವರ ಬಾಗಿಲು ಅವರವರಿಗೆ.

ಮತ್ತೊಂದನ್ನು ಒಪ್ಪಲೇಬೇಕು. ನಮ್ಮಜ್ಜಿ ಹಿತ್ತಲ ಮರವೊಂದರ ಗೊನೆಯನ್ನು ಕೊಯ್ಯಲು ಬಿಡುತ್ತಿರಲಿಲ್ಲ. ಉದುರಿದ ಗೋಟು (ಹಣ್ಣಾದ ಅಡಿಕೆ) ಬುಡದಲ್ಲೇ ಮೊಳೆತು ಸಸಿಯಾಗುತ್ತಿತ್ತು. ಕೇಳಿಕೊಂಡು ಬಂದವರು ಕಿತ್ತುಕೊಂಡು ಹೋಗುತ್ತಿದ್ದರು, ದುಡ್ಡಿನ ಮಾತೇ ಇಲ್ಲ. ನಮ್ಮ ನರ್ಸರಿಯಲ್ಲಿ ಹಾಗೆ ಒಂದು ಸಸಿಯೂ ಹೋಗುವುದಿಲ್ಲ, ನೆಂಟರಿಗೂ ಇಲ್ಲ. ಅದು ತಪ್ಪೆಂದು ಹೇಳಲಾರೆ, ಇಷ್ಟು ದುಡಿಮೆ ಇರುವಾಗ. ಆದರೆ ತವರಿನವರಿಗೆ ಚೀಟಿ ಬರೆದು ಹಣ ಎಣಿಸಿಕೊಳ್ಳುವುದು ನನಗೆ ಇನ್ನೂ ಒಗ್ಗಿಲ್ಲ.